ಅಂಗಮಾರಿಯ ಭಯ, ಬೆನ್ನ ಮೇಲಿನ ಪಂಪು

ಜುಲೈ ತಿಂಗಳಲ್ಲಿ ಹಾಸನ ಸೀಮೆಗೆ ಮೂರು ದಿನ ಬಿಡದೆ ಸೋನೆ ಹಿಡಿದರೆ ಆಲೂಗೆಡ್ಡೆ ಹಾಕಿದವರ ಮನೆಯಲ್ಲಿ ನಿದ್ದೆ ಹಾರುತ್ತದೆ. ಬಿಸಿಲಿನ ಸುಳಿವಿಲ್ಲ, ಎಲೆಯ ಮೇಲಿನ ನೀರು ಆರುವುದಿಲ್ಲ. ಎಲೆಯಂಚಿನಲ್ಲಿ ಕಂದು ಮಚ್ಚೆ ಮೂಡಿ, ಅಡಿಭಾಗದಲ್ಲಿ ಬಿಳಿ ಬೂಷ್ಟು ಕಾಣಿಸಿತೆಂದರೆ ಕೆಲವೇ ದಿನಗಳಲ್ಲಿ ಹೊಲವೆಲ್ಲ ಬೆಂಕಿ ಬಿದ್ದಂತೆ ಕಪ್ಪಾಗುತ್ತದೆ. ಅದೇ ಅಂಗಮಾರಿ. 1845ರಲ್ಲಿ ಐರ್ಲೆಂಡನ್ನು ಹಸಿವಿಗೆ ತಳ್ಳಿದ ಫೈಟಾಫ್ತೊರಾ ಇನ್‌ಫೆಸ್ಟನ್ಸ್ ಎಂಬ ರೋಗಾಣುವೇ ಶಾಂತಿಗ್ರಾಮ, ದುದ್ದ, ಸಾಲಗಾಮೆಯ ಹೊಲಗಳಿಗೂ ಬರುತ್ತದೆ. ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಬಂದ ಬಿತ್ತನೆ ಗೆಡ್ಡೆಗೆ ದುಡ್ಡು ಸುರಿದಾಗಿದೆ, ಗೊಬ್ಬರ ಹಾಕಿಯಾಗಿದೆ, ಸಾಲದ ಕಂತು ತಲೆಯ ಮೇಲಿದೆ. ಆ ಹೊತ್ತಿನಲ್ಲಿ ರೈತ ನೋಡುವುದು ಮೋಡವನ್ನು. ಔಷಧಿ ಡಬ್ಬದ ಮೇಲಿನ ಸಣ್ಣ ಅಕ್ಷರ ಓದಲು ಅವನಿಗೆ ಪುರಸೊತ್ತಿಲ್ಲ.

ಕೀಟನಾಶಕದ ಸುರಕ್ಷಿತ ಬಳಕೆಯ ಮಾತೆತ್ತಿದರೆ ಸಾಕು, ರೈತರಿಗೆ ಅರಿವಿಲ್ಲ ಎಂಬ ತೀರ್ಮಾನ ಮೊದಲೇ ಸಿದ್ಧವಾಗಿರುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಬದುಕನ್ನು ಹತ್ತಿರದಿಂದ ಬಲ್ಲವರು ಈ ತೀರ್ಮಾನವನ್ನು ಒಪ್ಪಲಾರರು. ಔಷಧಿ ವಿಷವೆಂದು ಗೊತ್ತಿಲ್ಲದ ರೈತ ಇಲ್ಲಿ ಸಿಗುವುದಿಲ್ಲ. ಹೊಡೆಯುವ ದಿನ ಮಕ್ಕಳನ್ನು ಹೊಲದ ಕಡೆ ಬಿಡುವುದಿಲ್ಲ, ಆ ಬದುವಿನ ಹುಲ್ಲನ್ನು ದನಕ್ಕೆ ಕೊಯ್ಯಬೇಡಿ ಎಂದು ಮನೆಯಲ್ಲಿ ಹೇಳುತ್ತಾನೆ, ಸಂಜೆ ಮೈ ತೊಳೆಯದೆ ಊಟಕ್ಕೆ ಕೂರುವುದಿಲ್ಲ. ಆದರೂ ಅದೇ ಮನುಷ್ಯ ಬೆಳಿಗ್ಗೆ ಡ್ರಮ್ಮಿಗೆ ಪುಡಿ ಸುರಿದು ಬರಿಗೈಯಲ್ಲೇ ಕಲಕಿರುತ್ತಾನೆ.

ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಕಾಸು ಕೇಳದ, ಕೆಲಸಕ್ಕೆ ಅಡ್ಡ ಬಾರದ ಎಚ್ಚರಗಳು ತಾವಾಗಿ ರೂಢಿಗೆ ಬಂದಿವೆ: ಗಾಳಿಗೆದುರಾಗಿ ಹೊಡೆಯದಿರುವುದು, ನಡುವೆ ಬೀಡಿ ಹಚ್ಚದಿರುವುದು, ಕೈ ತೊಳೆಯದೆ ಎಲೆಯಡಿಕೆ ಮುಟ್ಟದಿರುವುದು. ದುಡ್ಡು ಬೇಡುವ, ಮೈಗೆ ಹಿಂಸೆಯಾಗುವ, ಹೊತ್ತು ತಿನ್ನುವ ಎಚ್ಚರಗಳು ಹಿಂದೆ ಬಿದ್ದಿವೆ: ಕೈಗವಸು, ಸರಿಯಾದ ಮಾಸ್ಕು, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು, ಅಳತೆ ಲೋಟ, ಖಾಲಿ ಡಬ್ಬವನ್ನು ಮೂರು ಸಲ ತೊಳೆದು ತೂತು ಮಾಡುವುದು. ಇವು ಹಿಂದೆ ಬಿದ್ದಿರುವುದಕ್ಕೆ ಅಜ್ಞಾನಕ್ಕಿಂತ ಬಿಸಿಲು, ಬೆಲೆ ಮತ್ತು ಅವಸರದ ಪಾಲೇ ದೊಡ್ಡದು.

ಹದಿನೈದು ಲೀಟರ್ ತುಂಬಿದ ಪಂಪು ಬೆನ್ನಿಗೇರಿಸಿ, ಕೆಸರು ಸಾಲಿನಲ್ಲಿ ಹೆಜ್ಜೆ ಕಿತ್ತಿಡುತ್ತ ಸಾಗುವುದು ಹೇಗಿರುತ್ತದೆಂದು ಊಹಿಸಿ. ಎಕರೆಗೆ ಇನ್ನೂರು ಲೀಟರ್ ದ್ರಾವಣ ಹಿಡಿದರೂ ಹದಿಮೂರಕ್ಕೂ ಹೆಚ್ಚು ಸಲ ಪಂಪು ತುಂಬಬೇಕು. ಮೇಲೊಂದು ಪ್ಲಾಸ್ಟಿಕ್ ಕೋಟು, ಕೈಗೆ ರಬ್ಬರು, ಬಾಯಿಗೆ ಬಿಗಿಯಾದ ಮಾಸ್ಕು ಹಾಕಿದರೆ ನಾಲ್ಕನೇ ಪಂಪಿನ ಹೊತ್ತಿಗೆ ಬೆವರಿಳಿದು ಉಸಿರು ಕಟ್ಟುತ್ತದೆ. ಹಾಗಾಗಿ ಕಿಟ್ ಕೊಟ್ಟರೂ ಅದು ಅಟ್ಟ ಸೇರುತ್ತದೆ, ಮುಖಕ್ಕೆ ಟವೆಲ್ಲೇ ಗತಿಯಾಗುತ್ತದೆ. ಟವೆಲ್ ಸುತ್ತಿದ್ದೇವೆ ಎಂಬ ಸಮಾಧಾನ ಬೇರೆ. ಅದು ಔಷಧಿಯನ್ನು ಹೀರಿ, ಒದ್ದೆಯಾಗಿ, ತುಟಿ ಕೆನ್ನೆಗಳಿಗೆ ಅಂಟಿಕೊಂಡಿರುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಲೇಬೇಕು. ವಿಷ ಮೂಗು ಬಾಯಿಂದ ಒಳಹೋಗುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಹೊಲದಲ್ಲಿ ಅದು ಹೆಚ್ಚಾಗಿ ಒಳಹೋಗುವುದು ಚರ್ಮದ ಮೂಲಕ. ಮೈಯ ಎಲ್ಲ ಭಾಗದ ಚರ್ಮವೂ ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಪ್ಯಾರಥಿಯಾನ್ ಎಂಬ ಕೀಟನಾಶಕವಿಟ್ಟು ಮಾಡಿದ ಹಳೆಯ ಪ್ರಯೋಗದಲ್ಲಿ ಮುಂಗೈ ಹೀರುವುದಕ್ಕಿಂತ ಸುಮಾರು ಹನ್ನೆರಡು ಪಟ್ಟು ಹೆಚ್ಚಾಗಿ ವೃಷಣದ ಚರ್ಮ ಹೀರಿತ್ತು. ಪಂಪಿನ ವಾಷರು ಸವೆದು ಬೆನ್ನಿನಿಂದ ಸೊಂಟಕ್ಕೆ, ಸೊಂಟದಿಂದ ತೊಡೆಸಂದಿಗೆ ಇಳಿಯುವ ತೊಟ್ಟು ಎಷ್ಟು ದೊಡ್ಡ ಅಪಾಯ ಎಂಬುದು ಇದರಿಂದ ತಿಳಿಯುತ್ತದೆ. ಸೋರುವ ಪಂಪಿಗೆ ಹೊಸ ವಾಷರು ಹಾಕಿಸುವುದು, ಸ್ಪ್ರೇ ಗನ್ನನ್ನು ಮುಂದೆ ಬೀಸುತ್ತ ಅದೇ ಮಂಜಿನೊಳಗೆ ನಡೆಯುವ ಬದಲು ಗಾಳಿ ನೋಡಿಕೊಂಡು ಹಿಂದೆ ಸರಿಯುತ್ತ ಹೊಡೆಯುವುದು, ತುಂಬುತೋಳಿನ ಅಂಗಿ ತೊಡುವುದು: ಇವು ಮಾಸ್ಕಿಗಿಂತ ಮೊದಲು ಕಲಿಸಬೇಕಾದ ಪಾಠಗಳು. ತರಬೇತಿಯ ಪಟದಲ್ಲಿ ಮಾತ್ರ ಮಾಸ್ಕೇ ಎದ್ದು ಕಾಣುತ್ತದೆ.

ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಪ್ರವೀಣ್ ಕುಮಾರ್ ವೇಮುಲ ಅವರ ತಂಡ ಈ ಚರ್ಮದ ಪ್ರಶ್ನೆಯನ್ನೇ ಹಿಡಿದು ಕೆಲಸ ಮಾಡಿತು. 2018ರಲ್ಲಿ ಅವರು ಮೈಗೆ ಹಚ್ಚಿಕೊಳ್ಳುವ ಒಂದು ಜೆಲ್ ಪ್ರಕಟಿಸಿದರು. ಆರ್ಗನೊಫಾಸ್ಫೇಟ್ ಗುಂಪಿನ ವಿಷ ಚರ್ಮ ದಾಟುವ ಮೊದಲೇ ಅದನ್ನು ಒಡೆದು ನಿಷ್ಕ್ರಿಯಗೊಳಿಸುವುದು ಅದರ ಕೆಲಸ. ಅದೇ ತತ್ವವನ್ನು ಬಟ್ಟೆಗೆ ಒಗ್ಗಿಸಿದ ‘ಕಿಸಾನ್ ಕವಚ’ ಎಂಬ ಉಡುಪು 2024ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಒಗೆದು ಮತ್ತೆ ಮತ್ತೆ ತೊಡಬಹುದಾದ ಈ ಹತ್ತಿಬಟ್ಟೆಯ ಉಡುಪಿಗೆ ಆಗ ಸುಮಾರು 4,000 ರೂಪಾಯಿ. ನಮ್ಮ ರಾಜಧಾನಿಯಲ್ಲೇ ನಡೆದ ಈ ಕೆಲಸ ಹೆಮ್ಮೆಪಡುವಂಥದು. ಆದರೆ ಅರ್ಧ ಎಕರೆ ಶುಂಠಿಯ ರೈತನಾಗಲಿ, ಕೂಲಿಗೆ ಔಷಧಿ ಹೊಡೆಯುವವನಾಗಲಿ ಆ ಬೆಲೆಗೆ ಕೊಳ್ಳಲಾರ. ಊರಿನ ಹಾಲಿನ ಡೇರಿಯೋ ರೈತ ಉತ್ಪಾದಕರ ಕಂಪನಿಯೋ ನಾಲ್ಕು ಜೊತೆ ಇಟ್ಟುಕೊಂಡು ಬಾಡಿಗೆಗೆ ಕೊಟ್ಟರೆ ಮಾತ್ರ ಅದು ಹೊಲಕ್ಕೆ ಇಳಿದೀತು.

ಕೌಂಟರಿನ ಮಾತು

ಕಾನೂನಿನ ಕಡೆಯಿಂದ ನೋಡಿದರೆ ಏರ್ಪಾಡು ಚೊಕ್ಕವಾಗಿದೆ. 1968ರ ಕೀಟನಾಶಕ ಕಾಯ್ದೆ, ಅದರಡಿ 1971ರ ನಿಯಮಗಳು. ಪ್ರತಿ ಡಬ್ಬದ ಮೇಲೂ ವಜ್ರಾಕಾರದ ಗುರುತು, ಅದರ ಕೆಳಗಿನ ಅರ್ಧದಲ್ಲಿ ಬಣ್ಣದ ತ್ರಿಕೋನ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಲೇಬಲ್ಲಿನ ಹದಿನಾರರಲ್ಲಿ ಒಂದು ಭಾಗಕ್ಕಿಂತ ಆ ಗುರುತು ಚಿಕ್ಕದಿರಬಾರದು. ಒಳಗೆ ಮಡಚಿಟ್ಟ ಕರಪತ್ರದಲ್ಲಿ ಹಿಂದಿ, ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯೂ ಇರಬೇಕು. ಪ್ರಮಾಣ, ಬೆಳೆ, ಕೊಯ್ಲಿಗೆ ಮುಂಚೆ ಕಾಯಬೇಕಾದ ದಿನ, ವಿಷವೇರಿದಾಗಿನ ಲಕ್ಷಣ, ಪ್ರತಿವಿಷ ಎಲ್ಲವೂ ಅದರಲ್ಲಿ ಇರುತ್ತವೆ. ಎಲ್ಲವೂ ಇರಬೇಕೆಂದೇ ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣದಾಗಿ, ಓದಲು ಎಳೆಗಣ್ಣೂ ಹಗಲ ಬೆಳಕೂ ಬೇಕಾಗುತ್ತದೆ.

ರೈತ ಓದದಿದ್ದರೂ ಕೇಳುತ್ತಾನೆ. ಕೇಳುವುದು ಅಂಗಡಿಯವನನ್ನು. ಕೊಣನೂರು, ಹಳ್ಳಿಮೈಸೂರು, ಹಿರೀಸಾವೆಯಂಥ ಹೋಬಳಿ ಊರುಗಳಲ್ಲಿ ಸಂತೆ ದಿನ ಗೊಬ್ಬರದ ಅಂಗಡಿಯ ಮುಂದೆ ನಡೆಯುವ ಮಾತು ಹೆಚ್ಚುಕಮ್ಮಿ ಒಂದೇ ತೆರನಾದದ್ದು. ಬಾಡಿದ ಎಲೆಯೊಂದನ್ನು ಜೇಬಿನಿಂದ ತೆಗೆದು ಕೌಂಟರಿನ ಮೇಲಿಟ್ಟು, “ಎಲೆ ಹಿಂಗಾಗದೆ ಅಣ್ಣ, ಏನಾದ್ರೂ ಒಳ್ಳೇದು ಕೊಡಿ” ಎಂಬ ಕೇಳಿಕೆ. “ಇದನ್ನ, ಇದನ್ನ ಕಲಸಿ ಹೊಡೀರಿ, ಜೊತೆಗೆ ಅಂಟು ಹಾಕಿ” ಎಂಬ ಉತ್ತರ. ಎರಡು ನಿಮಿಷದಲ್ಲಿ ರೋಗ ಯಾವುದು, ಔಷಧಿ ಯಾವುದು, ಎಷ್ಟು, ಯಾವುದರ ಜೊತೆ ಎಂಬ ನಾಲ್ಕೂ ತೀರ್ಮಾನವಾಗಿಬಿಡುತ್ತವೆ. ಕೃಷಿ ಅಧಿಕಾರಿ ವಾರಕ್ಕೊಮ್ಮೆ ಸಿಗಬಹುದು, ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿಬರಲು ಅರ್ಧ ದಿನ ಬೇಕು. ಅಂಗಡಿ ದಾರಿಯಲ್ಲೇ ಇದೆ, ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆಯುತ್ತದೆ, ಉದ್ದರಿಯನ್ನೂ ಕೊಡುತ್ತದೆ. ಉದ್ದರಿ ಇರುವ ಕಡೆ ಬೇರೆ ಅಂಗಡಿಯ ಸಲಹೆ ಕೇಳುವುದಕ್ಕೆ ಮುಖ ಬರುವುದಿಲ್ಲ. ಸಲಹೆ ಕೊಡುವವನೇ ಮಾರುವವನಾದಾಗ ಎರಡು ಡಬ್ಬದ ಜಾಗದಲ್ಲಿ ಮೂರು ಬರುವುದು ಸಹಜ.

ಹೀಗಿರುವಾಗ ಸುರಕ್ಷತೆಯ ಪಾಠ ಮೊದಲು ಬೇಕಾದದ್ದು ಅಂಗಡಿಗೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಕೃಷಿ ಪರಿಕರ ಮಾರಾಟಗಾರರಿಗೆಂದೇ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಶುರುಮಾಡಿದ್ದು ಈ ತಿಳಿವಳಿಕೆಯಿಂದಲೇ. ವಾರಕ್ಕೊಂದು ದಿನ ತರಗತಿ, ನಡುನಡುವೆ ಹೊಲದ ಭೇಟಿ. 2017ರಲ್ಲಿ ನಿಯಮ ತಿದ್ದುಪಡಿಯಾಗಿ ಕೀಟನಾಶಕ ಮಾರುವವರಿಗೆ ಓದಿನ ಅರ್ಹತೆ ಕಡ್ಡಾಯವೆನ್ನಲಾಯಿತು, ಹಳಬರಿಗೆ ಗಡುವು ಮುಂದೂಡುತ್ತ ಬರಲಾಯಿತು. ಕೋರ್ಸು ಮುಗಿಸಿದವರೆಲ್ಲ ಕಡಿಮೆ ಮಾರುತ್ತಾರೆಂದು ಭರವಸೆ ಕೊಡಲಾಗದು. ಆದರೆ ಶಿಲೀಂಧ್ರದ ರೋಗಕ್ಕೆ ಕೀಟನಾಶಕ ಕೊಟ್ಟು ಕಳಿಸುವ ತಪ್ಪಾದರೂ ತಪ್ಪಬೇಕು, ಒಂದು ಮಾತು ಹೆಚ್ಚಾಗಿ ಆಡುವಂತಾಗಬೇಕು: ಕೈಗವಸು ಹಾಕ್ಕೊಳ್ಳಿ, ಅಳತೆ ಮೀರಿಸಬೇಡಿ. ರೈತ ಅಧಿಕಾರಿಯ ಭಾಷಣಕ್ಕಿಂತ ಈ ಮಾತನ್ನು ಬೇಗ ನಂಬುತ್ತಾನೆ.

ಅಳತೆಯ ವಿಚಾರವನ್ನು ಇನ್ನಷ್ಟು ಹೇಳಬೇಕು. ಅಂಗಮಾರಿಗೆ ಮುನ್ನೆಚ್ಚರಿಕೆಯಾಗಿ ಹೊಡೆಯುವ ಮ್ಯಾಂಕೊಜೆಬ್ ಲೀಟರಿಗೆ 2 ಗ್ರಾಂ, ಅಂದರೆ ಹದಿನೈದು ಲೀಟರ್ ಪಂಪಿಗೆ 30 ಗ್ರಾಂ. ಮನೆಯಲ್ಲಿ ತಕ್ಕಡಿಯಿಲ್ಲ, ಚಮಚವೋ ಮುಷ್ಟಿಯೋ ಅಳತೆಯಾಗುತ್ತದೆ. ರೋಗ ಬರುವ ಮೊದಲು ಹೊಡೆದರೆ ಮಾತ್ರ ಅದು ಎಲೆಯನ್ನು ಕಾಯುತ್ತದೆ, ಬಂದ ಮೇಲೆ ಎಷ್ಟು ಸುರಿದರೂ ಪ್ರಯೋಜನ ಕಡಿಮೆ. ಆದರೆ ಬಂದ ಮೇಲೆಯೇ ಮುಷ್ಟಿ ದೊಡ್ಡದಾಗುವುದು. ಮಳೆ ತೊಳೆದುಬಿಟ್ಟಿತೆಂದು ಮರುದಿನ ಮತ್ತೆ ಹೊಡೆಯುವುದೂ ಉಂಟು.

ಮ್ಯಾಂಕೊಜೆಬ್ ಒಂದೇ ಸಲಕ್ಕೆ ಪ್ರಾಣ ತೆಗೆಯುವ ಜಾತಿಯದಲ್ಲ. ಹಾಗೆಂದೇ ಅದರ ಹಳದಿ ಪುಡಿಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆಲೂಗೆಡ್ಡೆ ಹೋಳು ಮಾಡಿ, ಪುಡಿಯಲ್ಲಿ ಹೊರಳಿಸುವ ಕೆಲಸ ಹೆಂಗಸರದು. ಶುಂಠಿ ಬಿತ್ತನೆಯನ್ನು ದ್ರಾವಣದಲ್ಲಿ ಅದ್ದಿ ನೆರಳಲ್ಲಿ ಒಣಗಿಸುವುದೂ ಹೆಚ್ಚಾಗಿ ಅವರದೇ. ಪಂಪು ಬೆನ್ನಿಗೇರುವುದಕ್ಕೆ ತಿಂಗಳು ಮೊದಲೇ ವಿಷ ಅವರ ಉಗುರುಸಂದಿ ಸೇರಿರುತ್ತದೆ. ಮ್ಯಾಂಕೊಜೆಬ್ ಒಡೆದಾಗ ಹುಟ್ಟುವ ಈಥಿಲೀನ್ ಥಯೋಯೂರಿಯಾ ಥೈರಾಯ್ಡ್ ಗ್ರಂಥಿಗೆ ತೊಂದರೆ ಕೊಡಬಲ್ಲದು. ಗರ್ಭದಲ್ಲಿರುವ ಮಗುವಿಗೆ ಹಾನಿಯ ಅಪಾಯ, ಹಾರ್ಮೋನ್ ಏರುಪೇರಿನ ಕಾರಣ ಕೊಟ್ಟು ಯುರೋಪಿಯನ್ ಒಕ್ಕೂಟ 2020ರ ಡಿಸೆಂಬರಿನಲ್ಲಿ ಅದರ ಪರವಾನಗಿಯನ್ನು ನವೀಕರಿಸಲಿಲ್ಲ. ಅದೇ ವರ್ಷ ಭಾರತ ಸರ್ಕಾರ ನಿಷೇಧಿಸಲು ಯೋಚಿಸಿದ 27 ಕೀಟನಾಶಕಗಳ ಕರಡು ಪಟ್ಟಿಯಲ್ಲೂ ಅದರ ಹೆಸರಿತ್ತು. ಇಲ್ಲಿ ಅದು ಈಗಲೂ ಬಳಕೆಯಲ್ಲಿದೆ. ಬಳಕೆಯಲ್ಲಿರುವಷ್ಟು ಕಾಲ ಗೆಡ್ಡೆ ಹೋಳುಮಾಡುವ ಕೈಗಳಿಗೆ ಒಂದು ಜೊತೆ ಕೈಗವಸು ಸಿಗಲೇಬೇಕು. ಸ್ಪ್ರೇ ತರಬೇತಿಗೆ ಗಂಡಸರನ್ನು ಮಾತ್ರ ಕರೆಯುವ ಪದ್ಧತಿ ಅರ್ಧ ಊರನ್ನೇ ಲೆಕ್ಕದಿಂದ ಹೊರಗಿಟ್ಟಂತೆ.

ಕೂಲಿಗೆ ಹೊಡೆಯುವವನು

ಜಮೀನು ಒಬ್ಬನದು, ಬೆಳೆ ಇನ್ನೊಬ್ಬನದು, ಪಂಪು ಮತ್ತೊಬ್ಬನ ಬೆನ್ನ ಮೇಲೆ. ಅರಕಲಗೂಡು, ಹೊಳೆನರಸೀಪುರದ ಕಡೆ ಶುಂಠಿಗೆ ಜಮೀನನ್ನು ವರ್ಷದ ಗುತ್ತಿಗೆಗೆ ಕೊಡುವುದು ವಾಡಿಕೆ, ಗುತ್ತಿಗೆ ಹಿಡಿಯುವವರಲ್ಲಿ ಕೇರಳದಿಂದ ಬಂದವರೂ ಇದ್ದಾರೆ. ಗೆಡ್ಡೆ ಕೊಳೆ ಬಂದರೆ ಲಕ್ಷಗಟ್ಟಲೆ ಬಂಡವಾಳ ಮಣ್ಣುಪಾಲು. ಹೀಗಾಗಿ ಬುಡಕ್ಕೆ ಸುರಿಯುವುದೂ ಎಲೆಗೆ ಹೊಡೆಯುವುದೂ ಲೆಕ್ಕ ಮೀರುತ್ತದೆ. ಔಷಧಿ ಹೊಡೆಯುವವನು ಕೂಲಿಯವನು. ಡಬ್ಬ ಕೊಂಡವನು ಅವನಲ್ಲ, ಲೇಬಲ್ಲು ಅವನ ಕಣ್ಣಿಗೆ ಬಿದ್ದಿಲ್ಲ, ಡ್ರಮ್ಮಿನಲ್ಲಿ ಏನೇನು ಕಲಸಿದೆಯೆಂಬುದೂ ಅವನಿಗೆ ಗೊತ್ತಿಲ್ಲ. ಪಂಪಿಗೆ ಇಷ್ಟು ಎಂದು ಕೂಲಿ ಮಾತಾಡಿದ್ದರೆ ಬೇಗ ಬೇಗ ಮುಗಿಸಿದಷ್ಟೂ ಅವನಿಗೆ ಲಾಭ. ಕೈಗವಸು ಹಾಕಿ ತೆಗೆಯುವ ಹೊತ್ತು ಅವನ ಕೂಲಿಯಲ್ಲೇ ಕಳೆಯುತ್ತದೆ. ರೈತನ ನಡವಳಿಕೆ ತಿದ್ದುವ ಯೋಜನೆಗಳಿಗೆ ಈ ಮನುಷ್ಯ ಸಿಗುವುದೇ ಇಲ್ಲ, ಏಕೆಂದರೆ ಅವನ ಹೆಸರಿನಲ್ಲಿ ಪಹಣಿಯಿಲ್ಲ.

ಅಂಥವರಿಗೆ ಏನಾಗಬಹುದೆಂಬುದನ್ನು 2017ರ ಮುಂಗಾರಿನ ಕೊನೆಯಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆ ತೋರಿಸಿತು. ಆಳೆತ್ತರ ಬೆಳೆದ ಹತ್ತಿ, ಸೆಖೆ, ಒಂದರೊಳಗೊಂದು ಬೆರೆಸಿದ ಔಷಧಿಗಳು. ಕೆಲವೇ ವಾರಗಳಲ್ಲಿ ನೂರಾರು ಜನ ಆಸ್ಪತ್ರೆ ಸೇರಿದರು, 20ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಕೂಲಿಗೆ ಹೊಡೆಯಲು ಹೋದವರು ಅನೇಕರು. ಹಾಸನದಲ್ಲಿ ಅಂಥ ದುರಂತ ನಡೆದಿಲ್ಲ ಎಂದು ಸುಮ್ಮನಿರುವಂತಿಲ್ಲ. ಇಲ್ಲಿನದು ಸದ್ದಿಲ್ಲದ ನೋವು: ಸಂಜೆಗೆ ತಲೆನೋವು, ವಾಕರಿಕೆ, ಕಣ್ಣುರಿ, ಕೈಯಲ್ಲಿ ನವೆ. ಬಿಸಿಲಿಗೆ ಹೀಗಾಯಿತು, ಹೊಟ್ಟೆ ಖಾಲಿಯಿತ್ತು ಎಂದು ಒಂದು ಮಾತ್ರೆ ನುಂಗಿ ಮಲಗಿದರೆ ಬೆಳಿಗ್ಗೆ ಸರಿಹೋಗುತ್ತದೆ. ಸರಿಹೋದದ್ದೇ ನೆಪವಾಗಿ “ನಂಗೇನೂ ಆಗಲ್ಲ” ಎಂಬ ಧೈರ್ಯ ಬೆಳೆಯುತ್ತದೆ.

ಈ ಧೈರ್ಯ ಮುರಿಯುವುದು ಕಣ್ಣೆದುರು ಒಬ್ಬರು ಬಿದ್ದಾಗ. ಹೊಲದಲ್ಲೇ ಬಾಯಲ್ಲಿ ಜೊಲ್ಲು ಸುರಿದು, ಕಣ್ಣಪಾಪೆ ಸೂಜಿಮೊನೆಯಷ್ಟಾಗಿ, ಮೈ ಅದುರಿದ ಮನುಷ್ಯನನ್ನು 108 ಆಂಬುಲೆನ್ಸಿನಲ್ಲಿ ಹಾಸನದ ಹಿಮ್ಸ್ ಆಸ್ಪತ್ರೆಗೆ ಸಾಗಿಸಿದ ಊರಿನವರು ಆಮೇಲೆ ಡಬ್ಬ ಮುಟ್ಟುವ ರೀತಿಯೇ ಬೇರೆ. ಆರ್ಗನೊಫಾಸ್ಫೇಟ್ ಏರಿದವರಿಗೆ ಅಟ್ರೊಪಿನ್ ಇದೆ, ಬೇಗ ಸಿಕ್ಕರೆ ಜೀವ ಉಳಿಯುತ್ತದೆ. ಆದರೆ ವೈದ್ಯರಿಗೆ ಮೊದಲು ಬೇಕಾದದ್ದು ವಿಷದ ಹೆಸರು. ಒದ್ದೆ ಬಟ್ಟೆ ಕಳಚಿ, ಸೋಪು ನೀರಿನಲ್ಲಿ ಮೈ ತೊಳೆದು, ಡಬ್ಬವನ್ನು ಲೇಬಲ್ ಸಮೇತ ಜೊತೆಗೊಯ್ದರೆ ಅಮೂಲ್ಯ ಹೊತ್ತು ಉಳಿಯುತ್ತದೆ. ಒಬ್ಬರ ಸಂಕಟವೇ ಊರಿಗೆಲ್ಲ ಪಾಠವಾಗಬೇಕೆಂದು ಕಾಯುತ್ತ ಕೂರುವುದು ಕ್ರೂರವಾದೀತು. ಬದುಕುಳಿದವರು ಒಪ್ಪಿದರೆ ಅವರಿಂದಲೇ ಪಕ್ಕದ ಊರುಗಳಲ್ಲಿ ಮಾತಾಡಿಸುವುದು ಯಾವ ಭಿತ್ತಿಪತ್ರಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಬೇರೊಂದು ಒತ್ತಡ ಕೆಲಸ ಮಾಡುತ್ತಿದೆ. ಅಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಬೆಳೆಗಾರ ನೋಂದಾಯಿಸಿಕೊಂಡಿರುತ್ತಾನೆ, ಸೊಪ್ಪು ಹದಮಾಡುವ ಅವನ ಬ್ಯಾರನ್‌ಗೂ ಪರವಾನಗಿಯಿದೆ. ಹೊಗೆಸೊಪ್ಪು ಕೊಳ್ಳುವ ಕಂಪನಿಗಳು, ಅದರಲ್ಲೂ ಹೊರದೇಶಕ್ಕೆ ಕಳಿಸುವವರು, ಎಲೆಯಲ್ಲಿ ಉಳಿದ ಕೀಟನಾಶಕದ ಅಂಶವನ್ನು ಪರೀಕ್ಷೆ ಮಾಡಿಸುತ್ತಾರೆ. ಅಂಶ ಮಿತಿ ಮೀರಿದರೆ ಬೆಲೆಗೇ ಪೆಟ್ಟು. ಯಾವ ಔಷಧಿ ಹೊಡೆಯಬಹುದು, ಯಾವುದು ಕೂಡದು ಎಂಬ ಸೂಚನೆ ಬಿತ್ತನೆಗೆ ಮೊದಲೇ ಬರುವುದು ಅದಕ್ಕೇ. ಸೇದುವವನ ಎದೆಗೆ ಕೇಡು ಮಾಡುವ ಬೆಳೆಯೊಂದಕ್ಕೆ ಇಷ್ಟು ಕಾವಲಿದ್ದು, ನಾವು ದಿನವೂ ತಿನ್ನುವ ಆಲೂಗೆಡ್ಡೆ, ಶುಂಠಿ, ಹಸಿಮೆಣಸಿನಕಾಯಿಗೆ ಸಂತೆಯಲ್ಲಿ ಯಾರೂ ಏನೂ ಕೇಳದಿರುವುದು ನೋವಿನ ಸಂಗತಿ. ಕೊಳ್ಳುವವರು ಕೇಳಿದರೆ ರೈತ ಬದಲಾಗುತ್ತಾನೆ ಎಂಬುದಕ್ಕೆ ಉದಾಹರಣೆ ಜಿಲ್ಲೆಯೊಳಗೇ ಇದೆ.

ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಕಾಯುವುದೇ ಕಷ್ಟದ ಭಾಗವಾಗಿತ್ತು. ಕಪ್ಪುತಲೆ ಹುಳುವಿಗೆ ಬೇರಿನ ಮೂಲಕ ಮೊನೊಕ್ರೊಟೊಫಾಸ್ ಉಣಿಸುವ ಪದ್ಧತಿ ಬಹುಕಾಲ ಶಿಫಾರಸಿನಲ್ಲಿತ್ತು. ಉಣಿಸಿದ ಮೇಲೆ 45 ದಿನ ಕಾಯಿ ಕೀಳಬಾರದಿತ್ತು. ಎಳನೀರಿಗೆ ಬೆಲೆ ಬಂದಾಗ ನಲವತ್ತೈದು ದಿನ ತಡೆದುಕೊಳ್ಳುವುದಕ್ಕೆ ಗಟ್ಟಿ ಮನಸ್ಸು ಬೇಕಿತ್ತು. ತರಕಾರಿಗೆ ಆ ಔಷಧಿಯನ್ನು 2005ರಲ್ಲೇ ನಿಷೇಧಿಸಲಾಗಿತ್ತು. 2023ರ ಆದೇಶ ರೂಢಿಯಲ್ಲಿದ್ದ ಅದರ 36 ಎಸ್‌ಎಲ್ ದ್ರಾವಣಕ್ಕೂ ತೆರೆ ಎಳೆಯಿತು. ಮಣ್ಣಿಗೆ ಎರಚುತ್ತಿದ್ದ ಫೋರೇಟ್ ಹರಳು 2020ರ ಕೊನೆಗೆ ನಿಂತಿತು. ಕಪ್ಪುತಲೆ ಹುಳುವನ್ನು ತಿನ್ನುವ ಗೋನಿಯೋಜಸ್ ಪರೋಪಜೀವಿಯನ್ನು ತೋಟಕ್ಕೆ ಬಿಡುವ ದಾರಿಯೂ ಇದೆ. ಇಡೀ ಊರು ಒಟ್ಟಿಗೆ ಬಿಟ್ಟರೆ ಅದರ ಫಲ ಕಾಣುತ್ತದೆ.

ಅತಿ ಘೋರ ವಿಷವನ್ನು ಅಂಗಡಿಯಿಂದಲೇ ತೆಗೆಯುವುದು ಎಲ್ಲ ತರಬೇತಿಗಿಂತ ಗಟ್ಟಿ ಹೆಜ್ಜೆ. ಕಾಸರಗೋಡಿನ ಕನ್ನಡನಾಡು ಇದನ್ನು ಬಹಳ ಬೆಲೆ ತೆತ್ತು ಕಲಿತಿದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿಸಿದಾಗ ಪಡ್ರೆ, ಎಣ್ಮಕಜೆಯ ಜನ ಪಂಪನ್ನು ಮುಟ್ಟಿಯೇ ಇರಲಿಲ್ಲ. ಅವರಿಗೆ ಯಾವ ಕೈಗವಸೂ ರಕ್ಷಣೆಯಾಗುತ್ತಿರಲಿಲ್ಲ. ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ, ನ್ಯಾಯಾಲಯದ ಮೆಟ್ಟಿಲೇರಿದ ಲೀಲಾಕುಮಾರಿ ಅಮ್ಮ ಮೊದಲಾದವರ ಹೋರಾಟದ ಹಾದಿಯಲ್ಲಿ 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನ್‌ಗೆ ತಡೆ ಹಾಕಿತು.

ಹಾಸನದ ಆಲೂಗೆಡ್ಡೆಗೆ ಮರಳಿದರೆ, ಅಲ್ಲಿ ಇನ್ನೊಂದು ದಾರಿ ತೆರೆಯುತ್ತಿದೆ. ಒಂದು ಕಾಲಕ್ಕೆ ಹತ್ತಾರು ಸಾವಿರ ಹೆಕ್ಟೇರಿನಲ್ಲಿದ್ದ ಬೆಳೆ ಅಂಗಮಾರಿಗೂ ಕಳಪೆ ಬಿತ್ತನೆಗೂ ಸಿಕ್ಕಿ ಬಹಳ ಕುಗ್ಗಿದೆ, ಮುಸುಕಿನ ಜೋಳ ಆ ಜಾಗ ಹಿಡಿದಿದೆ. ಸೋಮನಹಳ್ಳಿ ಕಾವಲಿನ ತೋಟಗಾರಿಕಾ ಸಂಶೋಧನಾ ಕೇಂದ್ರ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದ ಜೊತೆ ಸೇರಿ ಬೇರು ಬಿಟ್ಟ ಕುಡಿಸಸಿಗಳಿಂದ ಆರೋಗ್ಯವಂತ ಬಿತ್ತನೆಯನ್ನು ಇಲ್ಲೇ ತಯಾರಿಸುವ ಕೆಲಸ ಕೈಗೊಂಡಿತು. ಅಂಗಮಾರಿಯನ್ನು ರೂಢಿಯ ತಳಿಯಾದ ಕುಫ್ರಿ ಜ್ಯೋತಿಗಿಂತ ಚೆನ್ನಾಗಿ ತಡೆಯುವ ಕುಫ್ರಿ ಹಿಮಾಲಿನಿಯಂಥ ತಳಿ ಹೊಲಕ್ಕೆ ಬಂದರೆ ನಾಲ್ಕು ಸಲ ಹೊಡೆಯುವ ಕಡೆ ಎರಡೇ ಸಾಕಾದೀತು. ಹೊಡೆಯದೆ ಉಳಿದ ಎರಡು ದಿನಕ್ಕೆ ಮಾಸ್ಕೂ ಬೇಡ, ಕೋಟೂ ಬೇಡ.

1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ರೈತರ ಪಾಠಶಾಲೆಗಳು ಶುರುವಾದಾಗ ಅಲ್ಲಿ ಭಾಷಣ ಇರಲಿಲ್ಲ. ರೈತರು ವಾರಕ್ಕೊಮ್ಮೆ ಗದ್ದೆಗಿಳಿದು ಹುಳುಗಳನ್ನೂ ಅವುಗಳ ಶತ್ರುಗಳನ್ನೂ ಎಣಿಸಿ, ಹೊಡೆಯಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುತ್ತಿದ್ದರು. ಹೊಡೆತದ ಸಂಖ್ಯೆ ಇಳಿದದ್ದು ಆ ಎಣಿಕೆಯಿಂದ. ಕಾರೆಕೆರೆಯ ಕೃಷಿ ಕಾಲೇಜಿನ ವಿದ್ಯಾರ್ಥಿಗಳು ಪ್ರತಿ ವರ್ಷ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ತಂಗುತ್ತಾರೆ. ಜುಲೈನ ಮೋಡದಡಿ, ಮಚ್ಚೆ ಮೂಡುವ ಮೊದಲು, ಬೆಳೆಗಾರರ ಜೊತೆ ಎಲೆ ತಿರುಗಿಸಿ ನೋಡುವ ಕೆಲಸವನ್ನು ಅವರಿಗೆ ವಹಿಸಿದರೆ ಆ ಪಾಠಶಾಲೆ ಇಲ್ಲೂ ನಡೆಯುತ್ತದೆ.

ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಅಂಗಳದಲ್ಲಿ ಬಿತ್ತನೆ ಗೆಡ್ಡೆ ಮಾರಾಟ ಶುರುವಾದಾಗ ನಾಲ್ಕೂ ತಾಲ್ಲೂಕಿನ ರೈತರು ಗಾಡಿ ಕಟ್ಟಿಕೊಂಡು ಬಂದು ಮೂಟೆ ಲೋಡಾಗುವ ತನಕ ಅಲ್ಲೇ ಕಾಯುತ್ತಾರೆ. ಇಷ್ಟು ಜನ, ಇಷ್ಟು ಪುರಸೊತ್ತಿನಲ್ಲಿ, ಬೆಳೆಗೆ ರೋಗ ಬರುವುದಕ್ಕೆ ಮುಂಚೆ, ಇನ್ನೆಲ್ಲೂ ಸಿಗುವುದಿಲ್ಲ. ಪಂಪಿಗೆ ಸಹಾಯಧನವಿದೆ, ರೈತ ಸಂಪರ್ಕ ಕೇಂದ್ರದಲ್ಲಿ ಔಷಧಿಗೂ ಇದೆ. ಅದೇ ಪಟ್ಟಿಗೆ ಎರಡು ಜೊತೆ ನೈಟ್ರೈಲ್ ಕೈಗವಸು, ಗ್ರಾಂ ಗುರುತಿರುವ ಒಂದು ಅಳತೆ ಲೋಟ, ಪಂಪಿನ ಒಂದು ವಾಷರ್ ಸೆಟ್ ಸೇರಿಸಿ, ಗೆಡ್ಡೆ ಮೂಟೆಯ ಜೊತೆಗೇ ಕೈಗಿಡಬೇಕು. ಒಂದು ಜೊತೆ ಪಂಪು ಹೊರುವವನಿಗೆ, ಇನ್ನೊಂದು ಗೆಡ್ಡೆ ಹೋಳುಮಾಡುವವಳಿಗೆ.